ಆರೋಗ್ಯ ವಿಚಾರ: ಪುರುಷರ ಶೈಥಿಲ್ಯವೂ ಮೂರು ಚುಚ್ಚುಮದ್ದುಗಳೂ

ಕೆಮ್ಮು ಬಂದರೆ ಹತ್ತು ಮಂದಿಗೆ ಹೇಳಿಕೊಳ್ಳುವ ಗೃಹಸ್ಥನು, ಪುರುಷೇಂದ್ರಿಯದ ಶೈಥಿಲ್ಯವನ್ನು ಮಾತ್ರ ಮಡದಿಯಿಂದಲೂ ಮರೆಮಾಚುವನು. ಕಡೆಗೆ ಗೋಡೆಯ ಜಾಹೀರಾತನ್ನು ನಂಬಿ ಹಣವನ್ನೂ ಆರೋಗ್ಯವನ್ನೂ ಕಳೆದುಕೊಳ್ಳುವನು. ಈ ವ್ಯಾಧಿಯು ಪಾಪದ ಫಲವಲ್ಲ. ಮನಸ್ಸಿನ ಕಳವಳದಿಂದ ಬರುವುದುಂಟಾದರೂ, ಅನೇಕರಲ್ಲಿ ಮಧುಮೇಹ, ರಕ್ತದೊತ್ತಡ, ಹೊಗೆಸೊಪ್ಪು ಇವುಗಳಿಂದ ರಕ್ತನಾಳಗಳೂ ನರಗಳೂ ಕೆಟ್ಟುದರ ಪರಿಣಾಮವಿದು. ಮುಂಬರುವ ಹೃದ್ರೋಗದ ಮುನ್ಸೂಚನೆಯೂ ಆಗಿರಬಹುದು. ಆದುದರಿಂದ ಮೊದಲು ಪರೀಕ್ಷೆ, ಬಳಿಕ ಮದ್ದು.

1998ರಲ್ಲಿ ಬಳಕೆಗೆ ಬಂದ ಸಿಲ್ಡೆನಾಫಿಲ್ ಮುಂತಾದ ಗುಳಿಗೆಗಳನ್ನೇ ವೈದ್ಯರು ಸಾಮಾನ್ಯವಾಗಿ ಮೊದಲು ಕೊಡುವರು. ಎದೆನೋವಿಗಾಗಿ ನೈಟ್ರೇಟ್ ಸೇವಿಸುವವರು ಅವನ್ನು ಮುಟ್ಟಲಾಗದು. ಅಂತಹವರಿಗೂ ಗುಳಿಗೆ ಫಲಿಸದವರಿಗೂ, ಹೃದಯವು ಶ್ರಮವನ್ನು ತಾಳಬಲ್ಲುದೆಂದು ವೈದ್ಯರು ಕಂಡರೆ, ಚುಚ್ಚುಮದ್ದು ಉಂಟು. ಸಪುರವಾದ ಸೂಜಿಯಿಂದ ಇಂದ್ರಿಯದ ಪಕ್ಕದಲ್ಲಿ ಹಾಕಿದ ಮದ್ದು ಅಲ್ಲಿಯ ರಕ್ತನಾಳಗಳನ್ನು ಸಡಿಲಿಸಿ, ಕೆಲವೇ ನಿಮಿಷಗಳಲ್ಲಿ ರಕ್ತವನ್ನು ತುಂಬಿಸುವುದು.

ಇವುಗಳಲ್ಲಿ ಮೊದಲನೆಯದು ಪಪಾವರಿನ್. ಅಫೀಮಿನಿಂದ ದೊರೆತರೂ ಅಮಲಿಲ್ಲದ ಈ ವಸ್ತುವನ್ನು 1848ರಲ್ಲಿ, ನಮ್ಮ ವೆನ್ಲಾಕ್ ಆಸ್ಪತ್ರೆ ಸ್ಥಾಪಿತವಾದ ವರ್ಷವೇ, ಜರ್ಮನಿಯಲ್ಲಿ ಬೇರ್ಪಡಿಸಿದರು. ಶೈಥಿಲ್ಯಕ್ಕೆ ಇದರ ಉಪಯೋಗವನ್ನು 1982ರಲ್ಲಿ ಫ್ರಾನ್ಸಿನ ವೈದ್ಯ ವಿರಾಗ್ ಪ್ರಕಟಿಸಿದರು. ಬೆಲೆ ಕಡಮೆ, ಆದರೆ ಒಂಟಿಯಾಗಿ ಬಳಸಿದರೆ ಒಳಗೆ ಗಂಟುಕಟ್ಟುವ ಭಯವೂ, ಉದ್ರೇಕವು ಇಳಿಯದೆ ನಿಲ್ಲುವ ಭಯವೂ ಹೆಚ್ಚು.

ಎರಡನೆಯದು ಆಲ್‌ಪ್ರೊಸ್ಟಾಡಿಲ್. ದೇಹದಲ್ಲಿ ತಾನಾಗಿಯೇ ಹುಟ್ಟುವ ವಸ್ತುವಿನ ಪ್ರತಿರೂಪವಾದ ಇದಕ್ಕೆ 1995ರಲ್ಲಿ ಅಮೆರಿಕೆಯ ಸರಕಾರದ ಒಪ್ಪಿಗೆ ದೊರೆಯಿತು. ಆ ಭಯಗಳು ಇದರಲ್ಲಿ ಕಡಮೆ. ನೋವು ಮಾತ್ರ ಕೆಲವರನ್ನು ಬಾಧಿಸುವುದು.

ಮೂರನೆಯದು ಈ ಎರಡಕ್ಕೂ ಫೆಂಟೊಲಮಿನ್ ಸೇರಿಸಿದ ಮಿಶ್ರಣ. ಒಂದೊಂದೂ ಅಲ್ಪ ಪ್ರಮಾಣದಲ್ಲಿರುವುದರಿಂದ ನೋವು ಕಡಮೆ; ಒಂದೇ ಮದ್ದಿಗೆ ಜಗ್ಗದವರಲ್ಲಿಯೂ ಫಲಿಸುವುದುಂಟು. ಆದರೆ ಇದನ್ನು ನುರಿತವರು ಅಳೆದು ಬೆರೆಸಬೇಕು, ಶೀತದಲ್ಲಿ ಇಡಬೇಕು.

ಹಾಗಾದರೆ ಯಾವುದು ಮೇಲು? ರೋಗಿಯ ದೇಹಕ್ಕೆ ಒಗ್ಗಿದ್ದೇ ಮೇಲು. ಮೊದಲ ಚುಚ್ಚನ್ನು ವೈದ್ಯರ ಎದುರಿನಲ್ಲಿಯೇ, ಕನಿಷ್ಠ ಪ್ರಮಾಣದಿಂದ ತೊಡಗಿ, ಹಾಕಿಸಿಕೊಳ್ಳತಕ್ಕದ್ದು. ದಿನಕ್ಕೆ ಒಮ್ಮೆಗಿಂತ, ವಾರಕ್ಕೆ ಮೂರು ಸಲಕ್ಕಿಂತ ಹೆಚ್ಚು ಸಲ್ಲದು. ರಕ್ತ ತೆಳುಮಾಡುವ ಮದ್ದನ್ನು ಸೇವಿಸುವವರು ಅದನ್ನು ಮುಂಚಿತವಾಗಿ ತಿಳಿಸಬೇಕು. ಉದ್ರೇಕವು ನಾಲ್ಕು ಗಂಟೆಯಾದರೂ ಇಳಿಯದಿದ್ದರೆ, ನಡುರಾತ್ರಿಯಾದರೂ ನಾಚದೆ ದೊಡ್ಡ ಆಸ್ಪತ್ರೆಗೆ ಹೋಗತಕ್ಕದ್ದು. ತಡಮಾಡಿದರೆ ಇಂದ್ರಿಯವೇ ಶಾಶ್ವತವಾಗಿ ಕೆಡಬಹುದು. ಈ ಮಾತನ್ನು ಪತಿಯೊಬ್ಬನೇ ಅಲ್ಲ, ಪತ್ನಿಯೂ ತಿಳಿದಿರುವುದು ಲೇಸು.