ಫ್ಲೆಕ್ಸಿನಲ್ಲಿ ಟಾಪರನ ಪ್ಯಾಕೇಜು, ಸಾಲಪತ್ರದಲ್ಲಿ ಅಪ್ಪನ ಸಹಿ!

ಕನ್ನಡದ ತರುಣರೇ,

ಸಿಇಟಿ ಫಲಿತಾಂಶ ಬಂತೆಂದರೆ ಊರೂರಲ್ಲಿ ಕಾಲೇಜುಗಳ ಫ್ಲೆಕ್ಸು ಜಾತ್ರೆ. ಹುಬ್ಬಳ್ಳಿ-ಧಾರವಾಡವೂ ಅದಕ್ಕೆ ಹೊರತಲ್ಲ. ಒಬ್ಬನ ಫೋಟೋ, ಅವನ ಲಕ್ಷಾಂತರ ರೂಪಾಯಿಯ ಪ್ಯಾಕೇಜು! ಉಳಿದ ನೂರಾರು ಮಂದಿಗೆ ಸಿಕ್ಕ ಸಂಬಳ ಎಷ್ಟು? ಅದನ್ನು ಬರೆಯಲು ಮಾತ್ರ ಜಾಗವಿಲ್ಲ. ಆ ಒಂದು ಫೋಟೋ ನಂಬಿ ನವಲಗುಂದ, ಕುಂದಗೋಳ, ಕಲಘಟಗಿಯ ರೈತ ಬ್ಯಾಂಕಿನ ಮೆಟ್ಟಿಲು ಹತ್ತುತ್ತಾನೆ. ಮಗನೋ ಮಗಳೋ ಕಂಪ್ಯೂಟರ್ ಸೈನ್ಸ್ ಓದಿದರೆ ಸಾಲ ತಾನೇ ತೀರುತ್ತದೆ ಎಂಬ ಭರವಸೆ ಅವನದು.

ಓದಿ, ಖಂಡಿತ ಓದಿ. ಆದರೆ ಲೆಕ್ಕ ಹಾಕಿ ಓದಿ!

ಸರ್ಕಾರಿ ಸೀಟು ತಪ್ಪಿತು ಎಂದಿಟ್ಟುಕೊಳ್ಳಿ. ವರ್ಷಕ್ಕೆ 2 ಲಕ್ಷದಂತೆ ನಾಲ್ಕು ವರ್ಷಕ್ಕೆ 8 ಲಕ್ಷ ಸಾಲ, ಬಡ್ಡಿ ಶೇ. 10. ಓದುವಾಗ ಕಂತು ಕಟ್ಟಬೇಕಿಲ್ಲ, ಓದು ಮುಗಿದ ಮೇಲೂ ಒಂದು ವರ್ಷ ಬಿಡುವು. ಕಂತು ಇಲ್ಲವೆಂದರೆ ಬಡ್ಡಿ ಇಲ್ಲವೆಂದಲ್ಲ! ಸರಳ ಬಡ್ಡಿಯಲ್ಲೇ ಐದು ವರ್ಷಕ್ಕೆ 2 ಲಕ್ಷ 80 ಸಾವಿರ ಬೆಳೆದಿರುತ್ತದೆ. ಕಂತು ಶುರುವಾಗುವ ದಿನ ತಲೆಯ ಮೇಲಿರುವುದು 10 ಲಕ್ಷ 80 ಸಾವಿರ. ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 14,270 ರೂಪಾಯಿ. ಕೊನೆಗೆ ಕಟ್ಟಿದ ಮೊತ್ತ 17 ಲಕ್ಷ!

ಇನ್ನು ಸಂಬಳದ ಕಡೆ ನೋಡಿ. ದೊಡ್ಡ ಐಟಿ ಸೇವಾ ಕಂಪನಿಗಳು ಹೊಸಬರಿಗೆ ಸಾಮಾನ್ಯವಾಗಿ ಕೊಡುವುದು ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸು. ಹತ್ತು-ಹನ್ನೆರಡು ವರ್ಷದ ಹಿಂದೆಯೂ ಅದು ಮೂರು ಲಕ್ಷದ ಮೇಲೆಯೇ ಇತ್ತು. ಫೀ ಏರಿತು, ಪಿಜಿ ಬಾಡಿಗೆ ಏರಿತು, ಸಂಬಳ ಮಾತ್ರ ಕೂತಲ್ಲೇ ಕೂತಿದೆ. 3 ಲಕ್ಷ 60 ಸಾವಿರದ ಪ್ಯಾಕೇಜೆಂದರೆ ಕಾಗದದ ಮೇಲೆ ತಿಂಗಳಿಗೆ 30,000. ಪಿಎಫ್ ಇತ್ಯಾದಿ ಕಳೆದು 26,000 ಕೈಗೆ ಬಂತೆನ್ನಿ. ಕಂತು ಕಟ್ಟಿದ ಮೇಲೆ ಉಳಿಯುವುದು 11,730. ಅದರಲ್ಲೇ ಬೆಂಗಳೂರಿನ ಬಾಡಿಗೆ, ಊಟ, ಬಸ್ಸು. ಊರಿಗೆ ಕಳಿಸುವುದೇನು, ಮಣ್ಣು?

ಆ ಕೆಲಸವಾದರೂ ಗಟ್ಟಿಯೇ? 2025ರ ಫೆಬ್ರವರಿಯಲ್ಲಿ ಇನ್ಫೋಸಿಸ್ ತನ್ನ ಮೈಸೂರು ಕೇಂದ್ರದಿಂದ 300ಕ್ಕೂ ಹೆಚ್ಚು ತರಬೇತಿ ನೌಕರರನ್ನು ಮನೆಗೆ ಕಳಿಸಿತು. ಪರೀಕ್ಷೆ ಪಾಸಾಗಲಿಲ್ಲ ಎಂಬುದು ಕಂಪನಿಯ ಸಮಜಾಯಿಷಿ. 2022ರಲ್ಲೇ ಆಫರ್ ಪತ್ರ ಪಡೆದು ಎರಡು ವರ್ಷ ಕಾದವರು ಅವರಲ್ಲಿದ್ದರು. ಬ್ಯಾಂಕಿನ ಬಿಡುವು ಒಂದೇ ವರ್ಷ, ಕಂಪನಿ ಕಾಯಿಸಿದ್ದು ಎರಡು ವರ್ಷ! ಅದೇ ಜುಲೈನಲ್ಲಿ ಟಿಸಿಎಸ್ ಸುಮಾರು 12,000 ಮಂದಿಯನ್ನು ಕೈಬಿಡುವುದಾಗಿ ಪ್ರಕಟಿಸಿತು.

ಇದೇ ಸಂಬಳ ಹುಬ್ಬಳ್ಳಿಯಲ್ಲೇ ಸಿಕ್ಕರೆ ಮನೆಯಲ್ಲಿದ್ದು ಕಂತು ಕಟ್ಟಬಹುದು. ಆದರೆ ಇಲ್ಲಿನ ಇನ್ಫೋಸಿಸ್ ಕಟ್ಟಡ ವರ್ಷಗಟ್ಟಲೆ ಖಾಲಿ ನಿಂತು, ಕೆಲಸ ಶುರುವಾದದ್ದು 2022ರಲ್ಲಿ. 1947ರಿಂದ ಈ ಊರಲ್ಲಿ ಇಂಜಿನಿಯರಿಂಗ್ ಕಾಲೇಜಿದೆ. ಓದಿಸುವುದು ನಾವು, ಬಾಡಿಗೆ ತಿನ್ನುವುದು ಬೆಂಗಳೂರು!

ಇನ್ನು ಸಾಲಪತ್ರ. ಸಹಿ ಹಾಕುವವನು ಕನ್ನಡ ಮಾತ್ರ ಬಲ್ಲ ಅಪ್ಪ, ಕಾಗದವೆಲ್ಲ ಇಂಗ್ಲಿಷು. ಗ್ರಾಹಕರ ಮುದ್ರಿತ ಕಾಗದಗಳು ಇಂಗ್ಲಿಷ್, ಹಿಂದಿ ಜೊತೆಗೆ ಆ ರಾಜ್ಯದ ಭಾಷೆಯಲ್ಲೂ ಇರಬೇಕೆಂದು ರಿಸರ್ವ್ ಬ್ಯಾಂಕೇ ಹೇಳಿದೆ. ಸಾಲಗಾರನಾಗಿ ಸಹಿ ಹಾಕುವವನಿಗೆ ಬಡ್ಡಿ ಎಷ್ಟೆಂದು ಓದಿ ತಿಳಿಯುವ ಹಕ್ಕಿಲ್ಲವೇ?

ಸಹಿಗೆ ಮುನ್ನ ಇಷ್ಟು ಮಾಡಿ. ಎನ್‌ಐಆರ್‌ಎಫ್ ರ‍್ಯಾಂಕಿಂಗಿಗೆ ಅರ್ಜಿ ಹಾಕುವ ಕಾಲೇಜುಗಳು ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಅವರ ಮಧ್ಯಾಂಕ ಸಂಬಳ ಎಷ್ಟು ಎಂದು ಬರೆದುಕೊಡುತ್ತವೆ. ಕೆಲಸ ಸಿಕ್ಕವರನ್ನು ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಂತವನ ಸಂಬಳವೇ ಮಧ್ಯಾಂಕ. ಟಾಪರನ ಫೋಟೋ ಬಿಡಿ, ಆ ಅಂಕಿ ಕೇಳಿ. ಕೈಗೆ ಬರುವ ಸಂಬಳದ ಮೂರನೇ ಒಂದು ಭಾಗವನ್ನು ಕಂತು ದಾಟಬಾರದು. 26,000 ಸಂಬಳಕ್ಕೆ, ಮೇಲಿನ ಬಡ್ಡಿಯಲ್ಲಿ, ಸಾಲ 5 ಲಕ್ಷದ ಒಳಗೇ ಇರಬೇಕು. ಸಾಲ ಏಳೂವರೆ ಲಕ್ಷ ದಾಟಿದರೆ ಬ್ಯಾಂಕು ಸಾಮಾನ್ಯವಾಗಿ ಆಸ್ತಿ ಅಡವು ಕೇಳುತ್ತದೆ, ಅಪ್ಪನ ಮನೆಪತ್ರವೂ ಹೋಗುತ್ತದೆ. ಕುಟುಂಬದ ವಾರ್ಷಿಕ ಆದಾಯ ನಾಲ್ಕೂವರೆ ಲಕ್ಷದೊಳಗಿದ್ದರೆ ಕೇಂದ್ರದ ಬಡ್ಡಿ ಸಹಾಯಧನ ಕೇಳಿ. ಹಿಂದುಳಿದ ವರ್ಗದವರು ದೇವರಾಜ ಅರಸು ನಿಗಮದ ಅರಿವು ಸಾಲವನ್ನು ವಿಚಾರಿಸಿ, ಬಡ್ಡಿ ಶೇ. 2 ಮಾತ್ರ. ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷದ ಬಿಇ ಸೇರಿದರೆ ಒಂದು ವರ್ಷದ ಬಿಇ ಫೀ ಉಳಿಯುತ್ತದೆ.

ನಮ್ಮ ಹಕ್ಕೊತ್ತಾಯ ಮೂರೇ. ಪ್ರತಿ ಕಾಲೇಜೂ ಮಧ್ಯಾಂಕ ಸಂಬಳವನ್ನು, ಕೆಲಸ ಸಿಗದವರ ಸಂಖ್ಯೆಯನ್ನು ಕನ್ನಡದಲ್ಲಿ ಬಾಗಿಲಿಗೆ ಅಂಟಿಸಲಿ. ಪ್ರತಿ ಬ್ಯಾಂಕೂ ಸಾಲಪತ್ರ, ಕಂತಿನ ಪಟ್ಟಿಯನ್ನು ಕನ್ನಡದಲ್ಲಿ ಕೊಡಲಿ. ಕೆಲಸ ಸಿಗುವ ತನಕ ಕಂತಿಗೆ ಬಿಡುವು ಸಿಗಲಿ.

ತರುಣರೇ, ಅಪ್ಪ ಪೆನ್ನು ಹಿಡಿಯುವ ಮೊದಲು ನೀವು ಪೆನ್ಸಿಲ್ ಹಿಡಿಯಿರಿ. ಲೆಕ್ಕ ಕೇಳಿ, ಕನ್ನಡದಲ್ಲೇ ಕೇಳಿ!