ಔಷಧಿ ಅಂದವರು ಯಾರು?

ಕಡೂರು, ತರೀಕೆರೆ, ಅಜ್ಜಂಪುರದ ಹೊಲಗಳಲ್ಲಿ ಈರುಳ್ಳಿಗೆ, ಟೊಮ್ಯಾಟೊಗೆ ಕ್ಯಾನು ಬೆನ್ನಿಗೇರಿಸಿ ಹೊಡೆಯುವವರು ನಮ್ಮ ಅಪ್ಪಂದಿರು, ಅಣ್ಣಂದಿರು. ಹೊಡೆಯುವುದು ವಿಷ. ಕರೆಯುವುದು ಔಷಧಿ. ಈ ಹೆಸರಿಟ್ಟವರು ಯಾರೋ, ಕ್ಯಾನು ಹೊತ್ತವರಂತೂ ಅಲ್ಲ.

'ತಲೆ ಸುತ್ತಿದ್ರೆ ಮಜ್ಜಿಗೆ ಕುಡಿಯೋ, ಮೈಗೆ ಬಂದ ವಿಷ ಮೈಯೇ ಕಳೀತದೆ' ಅಂತಾರೆ ಹೊಲದ ಯಜಮಾನರು. ಇದರಲ್ಲಿ ಅರ್ಧ ನಿಜ. ಅದಕ್ಕೇ ನಮ್ಮ ಮಂದಿ ನಂಬಿಬಿಡುತ್ತಾರೆ.

ಮೇಷ್ಟ್ರು ಯಕೃತ್ತು ಅಂತ ಕಲಿಸಿದ್ದು ನಮ್ಮ ಕೇರಿಯ ಈಲಿಯನ್ನೇ. ಕ್ಲೋರ್‌ಪೈರಿಫಾಸ್‌ನಂಥದು ಚರ್ಮದಿಂದ, ಉಸಿರಿನಿಂದ ಒಳಗೆ ಇಳಿದರೆ ಈಲಿ ಅದನ್ನು ಮುರಿಯಲು ಕೂರುತ್ತದೆ. ಮೊದಲ ಏಟಿಗೆ ಅದರ ಒಂದು ಪಾಲು ಇನ್ನೂ ಘೋರ ವಿಷವಾಗುತ್ತದೆ. ಅದನ್ನು ಮತ್ತೆ ಮುರಿದು, ನೀರಲ್ಲಿ ಕರಗುವಂತೆ ಮಾಡಿ, ಕೆಲವು ದಿನಗಳಲ್ಲಿ ಉಚ್ಚೆಯ ಜೊತೆ ಹೊರಗಟ್ಟುತ್ತದೆ. ಕೊಂಚ ಸೋಕಿದ್ದರೆ ಬದುಕಿದೆವು. ಒಮ್ಮೆಗೇ ಹೆಚ್ಚು ಸೋಕಿದರೆ ಈಲಿಗೆ ಪುರುಸೊತ್ತೆಲ್ಲಿ? ಜೊಲ್ಲು, ಬೆವರು, ಉಸಿರುಗಟ್ಟುವುದು. ಆಗ ಬೇಕಾದದ್ದು ಆಸ್ಪತ್ರೆಯ ಅಟ್ರೋಪಿನ್, ಯಜಮಾನರ ಮಜ್ಜಿಗೆಯಲ್ಲ.

ಅವರು ಹೇಳದ ಅರ್ಧ ಇದು: ವಿಷ ಹೊರಟರೂ ಅದು ಮಾಡಿದ ಗಾಯ ಹೊರಡುವುದಿಲ್ಲ. ನರಗಳನ್ನು ಹತೋಟಿಯಲ್ಲಿಡುವ ಕೋಲಿನೆಸ್ಟರೇಸ್ ಅನ್ನುವ ಕಿಣ್ವವನ್ನು ಅದು ಕಟ್ಟಿಹಾಕಿರುತ್ತದೆ. ಕೆಂಪು ರಕ್ತಕಣದಲ್ಲಿ ಅದು ಪೂರಾ ಕೆಟ್ಟರೆ ಹೊಸ ಕಣವೇ ಹುಟ್ಟಬೇಕು. ಕಣದ ಆಯಸ್ಸು ಸುಮಾರು 120 ದಿನ. ಅಂದರೆ ದಿನಕ್ಕೆ ನೂರಕ್ಕೆ ಒಂದರಷ್ಟು ಮಾತ್ರ ಚೇತರಿಕೆ. ವಾರವಾರ ಕ್ಯಾನು ಹೊತ್ತವನ ಲೆಕ್ಕ ಹಾಕಿ. ಈ ಸೋಮವಾರದ ಸಾಲ ತೀರುವ ಮೊದಲೇ ಮುಂದಿನ ಸೋಮವಾರದ ಸಾಲ. ಜೀತದ ಲೆಕ್ಕ ನಮಗೆ ಯಾರೂ ಕಲಿಸಬೇಕಾಗಿಲ್ಲ!

ಕೆಲವು ವಿಷಗಳನ್ನು ಸದೆಬಡಿಯಲು ಈಲಿಗೆ ಗ್ಲುಟಾಥಯೋನ್ ಬೇಕು. ಅದಕ್ಕೆ ಮೂಲ ನಾವು ತಿನ್ನುವ ಮಾಂಸ, ಮೊಟ್ಟೆ, ಬೇಳೆ. ಉಪವಾಸವಿದ್ದರೆ ಅದೂ ಇಳಿಯುತ್ತದೆ. ಬರಿ ಟೀ ಕುಡಿದು ಹೊಲಕ್ಕಿಳಿದವನ ಈಲಿ ಯಾವ ಬಲದಿಂದ ಹೋರಾಡಬೇಕು?

ಕಾಸರಗೋಡಿನ ಎಣ್ಮಕಜೆಯ ಕಡೆ, ನಮ್ಮದೇ ಭಾಷೆ ಆಡುವ ಜನರ ತಲೆಯ ಮೇಲೆ, ಗೇರು ತೋಟಕ್ಕೆಂದು 2000ದವರೆಗೂ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿದರು. ಸುಪ್ರೀಂ ಕೋರ್ಟು ತಡೆದದ್ದು 2011ರಲ್ಲಿ. ಅಲ್ಲಿಯೂ ಮೊದಲು ಹೇಳಿದ್ದು ಏನೂ ಆಗಲ್ಲ ಅಂತಲೇ.

1971ರ ಕೀಟನಾಶಕ ನಿಯಮಗಳಲ್ಲಿ ಬರೆದಿದೆ: ಇಂಥ ವಿಷ ಹೊಡೆಯುವವರ ರಕ್ತದ ಕೋಲಿನೆಸ್ಟರೇಸ್ ಅನ್ನು ತಿಂಗಳಿಗೊಮ್ಮೆ ಅಳೆಯಬೇಕು. ನಮ್ಮ ಕೇರಿಯಲ್ಲಿ ಆ ಸೂಜಿ ತಾಗಿದ ಒಂದು ತೋಳನ್ನೂ ನಾವು ಕಂಡಿಲ್ಲ. ಮೇಷ್ಟ್ರುಗಳೇ, ಗೆಳೆಯರೇ, ಈ ನಿಯಮವನ್ನು ಕನ್ನಡದಲ್ಲಿ ಬರೆದು ಕೇರಿ ಕೇರಿಯ ಗೋಡೆಗೆ ಅಂಟಿಸಿ. ಈರುಳ್ಳಿಗೆ ಮೊದಲ ಕ್ಯಾನು ಏಳುವ ಮುಂಚೆ ಕ್ಯಾನು ಹೊರುವವರೆಲ್ಲ ಸೇರಿ ತಾಲ್ಲೂಕು ಆಸ್ಪತ್ರೆಗೆ ಹೋಗಿ, ತೋಳು ಚಾಚಿ ಕೂರೋಣ.