ಗಿಟಾರಿನ ಮಡಿ, ಯಂತ್ರದ ಮೈಲಿಗೆ

ಕಾಲೇಜಿನ ಎರಡನೆಯ ವರ್ಷದಲ್ಲಿ ನಾವು ನಾಲ್ವರು ಗೆಳೆಯರು ಸೇರಿ ಒಂದು ಬ್ಯಾಂಡ್ ಕಟ್ಟಿದ್ದೆವು. ಎರಡು ಗಿಟಾರು, ಒಂದು ಬೇಸ್, ಬಾಡಿಗೆಗೆ ತಂದ ಡ್ರಮ್ಸ್. ಬಾಡಿಗೆ ಕೈಗೆಟುಕದಾದಾಗ ಜೂನಿಯರ್ ಹುಡುಗನೊಬ್ಬ ತನ್ನ ಹಳೆಯ ಕೀಬೋರ್ಡನ್ನು ಬಸ್ಸಿನಲ್ಲಿ ಹೊತ್ತು ತಂದು, ‘ಇದರಲ್ಲೇ ಬೀಟ್ ಹಾಕಿಕೊಡ್ತೀನಿ ಸರ್’ ಅಂದ. ನಾವು ನಕ್ಕೆವು. ನಕ್ಕು ಸುಮ್ಮನಾಗಲಿಲ್ಲ. ‘ಇದು ಆರ್ಕೆಸ್ಟ್ರಾ ಅಲ್ಲಪ್ಪ, ರಾಕ್ ಬ್ಯಾಂಡು’ ಎಂದು ಅವನನ್ನು ವಾಪಸು ಕಳಿಸಿದೆವು. ಆ ಮಾತು ಆಡಿದವನು ನಾನೇ.

ಅಂದು ನನ್ನ ಬಾಯಲ್ಲಿ ಬಂದ ಮಾತನ್ನು ಇಂದು ಇನ್ನೂ ಸಭ್ಯವಾಗಿ, ಇನ್ನೂ ಗಂಭೀರವಾಗಿ ಹೇಳುವವರಿದ್ದಾರೆ: ‘ಯಂತ್ರದ ಸಂಗೀತಕ್ಕೆ ಆತ್ಮವಿಲ್ಲ.’ ಯಾವುದಾದರೂ ಗಿಟಾರು ಬ್ಯಾಂಡು ಸಿಂಥಸೈಜರ್ ಮುಟ್ಟಿದ ಕೂಡಲೇ ಈ ತೀರ್ಪು ಸಿದ್ಧವಾಗಿರುತ್ತದೆ. ಬ್ಯಾಂಡು ಕೆಟ್ಟಿತು, ಮಾರಿಕೊಂಡಿತು, ಕುಣಿಸುವುದಕ್ಕೆ ಇಳಿಯಿತು. ನನ್ನ ವಾದ ಇಷ್ಟೇ: ಇದು ಸಂಗೀತದ ಬಗೆಗಿನ ಮಾತೇ ಅಲ್ಲ, ಮಡಿಯ ಮಾತು. ಇದನ್ನು ನನಗೆ ಕಲಿಸಿದ್ದು ಮ್ಯಾಂಚೆಸ್ಟರಿನ ನ್ಯೂ ಆರ್ಡರ್ ಎಂಬ ತಂಡ 1983ರ ಮೇ ತಿಂಗಳಲ್ಲಿ ಹೊರತಂದ ‘ಪವರ್, ಕರಪ್ಷನ್ ಅಂಡ್ ಲೈಸ್’ ಎಂಬ ಆಲ್ಬಂ.

ಆ ತಂಡದ ಹಿಂದಿನ ಹೆಸರು ಜಾಯ್ ಡಿವಿಷನ್. ಅದರ ಗಾಯಕ ಇಯಾನ್ ಕರ್ಟಿಸ್ 1980ರ ಮೇ 18ರಂದು, ಅಮೆರಿಕ ಪ್ರವಾಸಕ್ಕೆ ಹೊರಡುವ ಹಿಂದಿನ ದಿನ, ಆತ್ಮಹತ್ಯೆ ಮಾಡಿಕೊಂಡ. ಅವನಿಗೆ 23 ವರ್ಷ. ಉಳಿದ ಮೂವರು ಬರ್ನಾರ್ಡ್ ಸಮ್ನರ್, ಪೀಟರ್ ಹುಕ್, ಸ್ಟೀಫನ್ ಮಾರಿಸ್. ಹಳೆಯ ಹೆಸರನ್ನು ಬಿಟ್ಟು, ಗಿಲಿಯನ್ ಗಿಲ್ಬರ್ಟ್ ಎಂಬ ಯುವತಿಯನ್ನು ಸೇರಿಸಿಕೊಂಡು ಅವರು ಮುಂದುವರಿದರು. ಹಾಡುವವರು ಯಾರು? ಮೂವರೂ ಹಾಡಿ ನೋಡಿದರು. ಕೊನೆಗೆ ಆ ಕೆಲಸ ಸಮ್ನರ್ ತಲೆಗೆ ಬಂತು. 1981ರಲ್ಲಿ ಬಂದ ಅವರ ಮೊದಲ ಆಲ್ಬಂ ‘ಮೂವ್‌ಮೆಂಟ್’ ಕೇಳಿದರೆ ಸತ್ತವನ ಅಂಗಿ ತೊಟ್ಟು ನಿಂತವರ ಹಾಗೆ ಕೇಳಿಸುತ್ತದೆ. ಅಂಗಿ ಹಿಡಿಸುವುದಿಲ್ಲ, ಬಿಚ್ಚುವುದಕ್ಕೂ ಮನಸ್ಸಿಲ್ಲ. ಗಿಟಾರು ಇದೆ, ಡ್ರಮ್ಸ್ ಇದೆ. ಆದರೆ ಜೀವ ಮಾತ್ರ ಬೇರೆಲ್ಲೋ ಇದೆ.

ಎರಡು ವರ್ಷದ ನಂತರದ ಆಲ್ಬಮ್ಮಿನಲ್ಲಿ ಆ ಜೀವ ಮರಳಿ ಬಂದಿದೆ. ಬಂದದ್ದು ಯಂತ್ರದ ದಾರಿಯಲ್ಲಿ. ಇದನ್ನು ಮಡಿವಂತರು ಹೇಗೆ ವಿವರಿಸುತ್ತಾರೆ ಎಂಬುದೇ ನನ್ನ ಪ್ರಶ್ನೆ.

ವಿವರಕ್ಕೆ ಬರೋಣ. ಆಲ್ಬಮ್ಮಿನಲ್ಲಿರುವುದು ಎಂಟು ಹಾಡು. ಮೊದಲನೆಯ ‘ಏಜ್ ಆಫ್ ಕನ್ಸೆಂಟ್’ ಹುಕ್‌ನ ಬೇಸ್ ಗಿಟಾರಿನಿಂದ ಶುರುವಾಗುತ್ತದೆ. ಬೇಸ್ ಎಂದರೆ ಕೆಳಗೆ ಗುಡುಗುವ ವಾದ್ಯ ಎಂದುಕೊಂಡವರಿಗೆ ಹುಕ್ ಅದನ್ನು ಮೇಲಿನ ಸ್ವರಗಳಲ್ಲಿ, ಹಾಡುವಂತೆ ನುಡಿಸಿದ್ದು ಆಶ್ಚರ್ಯ ತರುತ್ತದೆ. ಮಾರಿಸ್‌ನ ಡ್ರಮ್ಸ್ ಮನುಷ್ಯನ ಕೈಯದೇ. ಅದೇ ತಟ್ಟೆಯಲ್ಲಿ ಮುಂದೆ ‘ಫೈವ್ ಏಟ್ ಸಿಕ್ಸ್’ ಬರುತ್ತದೆ. ಅಲ್ಲಿ ತಾಳ ಯಂತ್ರದ್ದು. ಎರಡನ್ನೂ ಒಂದರ ಹಿಂದೊಂದು ಕೇಳಿ, ಯಾವುದರಲ್ಲಿ ‘ಆತ್ಮ’ ಇದೆ, ಯಾವುದರಲ್ಲಿ ಇಲ್ಲ ಎಂದು ಗೆರೆ ಎಳೆಯಿರಿ. ನಾನು ಹಲವು ಸಲ ಪ್ರಯತ್ನಿಸಿ ಸೋತಿದ್ದೇನೆ.

ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ‘ಯುವರ್ ಸೈಲೆಂಟ್ ಫೇಸ್’. ಅದರ ತಳದಲ್ಲಿ ಸೀಕ್ವೆನ್ಸರಿನ ಒಂದೇ ಸಮನಾದ ಮಿಡಿತ. ಜರ್ಮನಿಯ ಕ್ರಾಫ್ಟ್‌ವರ್ಕ್ ತಂಡದ ಋಣ ಅದರಲ್ಲಿ ಎಷ್ಟು ಢಾಳಾಗಿತ್ತೆಂದರೆ ಹಾಡಿಗೆ ಇವರು ಇಟ್ಟುಕೊಂಡಿದ್ದ ತಾತ್ಕಾಲಿಕ ಹೆಸರೇ ‘ಕೆಡಬ್ಲ್ಯು 1’. ಆ ಮಿಡಿತದ ಮೇಲೆ ಮೆಲೋಡಿಕಾ ಬರುತ್ತದೆ. ಮಕ್ಕಳು ಶಾಲೆಯಲ್ಲಿ ಊದುವಂಥ, ಉಸಿರಿನಿಂದ ನುಡಿಯುವ ಪುಟ್ಟ ವಾದ್ಯ. ಕೆಳಗೆ ಎಂದೂ ದಣಿಯದ ಯಂತ್ರ, ಮೇಲೆ ದಣಿದೇ ತೀರಬೇಕಾದ ಉಸಿರು. ಗೆಳೆಯನನ್ನು ಕಳೆದುಕೊಂಡವರ ಪಾಡು ಇದಲ್ಲದೆ ಇನ್ನೇನು? ಗಡಿಯಾರ ನಿಲ್ಲುವುದಿಲ್ಲ, ಬಸ್ಸು ನಿಲ್ಲುವುದಿಲ್ಲ, ಲೋಕ ತನ್ನ ಲಯದಲ್ಲಿ ಸಾಗುತ್ತಲೇ ಇರುತ್ತದೆ. ನಡುವೆ ಒಬ್ಬ ಉಸಿರು ಹಿಡಿದು ನಿಂತಿರುತ್ತಾನೆ. ಹಾಡು ತೀರಾ ಭವ್ಯವಾಗುತ್ತಿದೆ ಎನ್ನುವಾಗ ಸಮ್ನರ್ ಒಂದು ಒರಟು ಬೈಗುಳ ಹಾಕಿ ಆ ಭವ್ಯತೆಯನ್ನೇ ಒಡೆಯುತ್ತಾನೆ. ಯಂತ್ರದ ಮುಂದೆ ನಿಂತ ಮನುಷ್ಯ ಅಲ್ಲಿ ಹೆಚ್ಚು ಮನುಷ್ಯನಾಗಿದ್ದಾನೆ, ಕಡಿಮೆ ಅಲ್ಲ.

ಇನ್ನು ಆ ಯಂತ್ರಗಳಾದರೂ ಎಂಥವು? ಗುಂಡಿ ಒತ್ತಿದರೆ ಹಾಡು ಉದುರಿಸುವ ಪೆಟ್ಟಿಗೆಗಳಲ್ಲ. ಸಮ್ನರ್ ಕಿಟ್ ತರಿಸಿ, ಬೆಸುಗೆ ಹಾಕಿ, ಸೀಕ್ವೆನ್ಸರನ್ನು ತಾನೇ ಜೋಡಿಸಿದ್ದ. ಜಾಯ್ ಡಿವಿಷನ್ ಕಾಲದಲ್ಲೇ ಕಿಟ್ಟಿನಿಂದ ಒಂದು ಸಿಂಥಸೈಜರ್ ಕಟ್ಟಿದ್ದವನು ಅವನು. ಹಾಗಾಗಿ ‘ಮೊದಲು ಶುದ್ಧ, ಆಮೇಲೆ ಭ್ರಷ್ಟ’ ಎಂಬ ಕಥೆಯೂ ನಿಲ್ಲುವುದಿಲ್ಲ. ಅದೇ ವರ್ಷ ಮಾರ್ಚಿನಲ್ಲಿ ಬಿಡಿಯಾಗಿ ಬಂದ, ಏಳೂವರೆ ನಿಮಿಷದ ‘ಬ್ಲೂ ಮಂಡೇ’ಗಾಗಿ ಗಿಲ್ಬರ್ಟ್ ಉದ್ದನೆಯ ಕಾಗದದ ಹಾಳೆಗಳನ್ನು ಅಂಟಿಸಿಕೊಂಡು ಸ್ವರಗಳನ್ನು ಒಂದೊಂದಾಗಿ ಬರೆದು ಯಂತ್ರಕ್ಕೆ ಉಣಿಸಿದ್ದಳು. ನಡುವೆ ಒಂದು ಸ್ವರ ಬಿಟ್ಟುಹೋಯಿತು. ಆದ್ದರಿಂದಲೇ ಆ ಹಾಡಿನ ರಾಗ ತಾಳದಿಂದ ಕೂದಲೆಳೆಯಷ್ಟು ಸರಿದು ನಡೆಯುತ್ತದೆ. ಹನ್ನೆರಡು ಇಂಚಿನ ತಟ್ಟೆಗಳಲ್ಲಿ ಬ್ರಿಟನ್ನಿನಲ್ಲಿ ಅತಿ ಹೆಚ್ಚು ಮಾರಾಟವಾದದ್ದೆಂದು ಹೆಸರಾದ ಹಾಡಿನ ಸೊಗಸು ಒಬ್ಬಳ ಕೈತಪ್ಪಿನಲ್ಲಿದೆ. ಮಾರ್ಚ್ 31ರಂದು ಬಿಬಿಸಿಯ ‘ಟಾಪ್ ಆಫ್ ದಿ ಪಾಪ್ಸ್’ ಕಾರ್ಯಕ್ರಮದಲ್ಲಿ, ಉಳಿದವರೆಲ್ಲ ತುಟಿಯಾಡಿಸಿ ಹೋಗುತ್ತಿದ್ದ ವೇದಿಕೆಯಲ್ಲಿ, ಇವರು ಹಟ ಹಿಡಿದು ನೇರವಾಗಿ ನುಡಿಸಿದರು. ಯಂತ್ರಗಳು ಕೈಕೊಟ್ಟವು, ಪ್ರದರ್ಶನ ಕೆಟ್ಟಿತು. ಮಾನ ಪಣಕ್ಕಿಟ್ಟು ವೇದಿಕೆ ಹತ್ತಿದವರು ಯಾರು, ಗಿಟಾರು ನೇತುಹಾಕಿಕೊಂಡು ತುಟಿಯಾಡಿಸಿದವರು ಯಾರು ಎಂದು ಕೇಳಬೇಕಾಗುತ್ತದೆ.

ಮಡಿಗೆ ಯಾವಾಗಲೂ ಮರೆವಿನ ರೋಗ. 1966ರ ಮೇ 17ರಂದು ಮ್ಯಾಂಚೆಸ್ಟರಿನ ಫ್ರೀ ಟ್ರೇಡ್ ಹಾಲಿನಲ್ಲಿ ಬಾಬ್ ಡಿಲನ್ ಎಲೆಕ್ಟ್ರಿಕ್ ಗಿಟಾರು ಹಿಡಿದಾಗ ಸಭಿಕನೊಬ್ಬ ‘ಜುದಾಸ್’ ಎಂದು ಕೂಗಿದ. ಗುರುವಿಗೆ ಎರಡು ಬಗೆದವನ ಹೆಸರು. ಅಂದು ದ್ರೋಹದ ಗುರುತಾಗಿದ್ದದ್ದು ಇದೇ ಗಿಟಾರು, ಏಕೆಂದರೆ ಅದಕ್ಕೆ ತಂತಿಯಲ್ಲಿ ವಿದ್ಯುತ್ತು ಹರಿಯುತ್ತಿತ್ತು. ಸುಮಾರು ಹತ್ತು ವರ್ಷದ ನಂತರ, 1976ರ ಜೂನ್‌ನಲ್ಲಿ, ಅದೇ ಕಟ್ಟಡದ ಸಣ್ಣ ಸಭಾಂಗಣದಲ್ಲಿ ಸೆಕ್ಸ್ ಪಿಸ್ಟಲ್ಸ್ ನುಡಿಸಿದ್ದನ್ನು ಕೇಳಿ ಸಮ್ನರ್ ಮತ್ತು ಹುಕ್ ತಾವೂ ಬ್ಯಾಂಡು ಕಟ್ಟಲು ಹೊರಟರು. ಅಷ್ಟರಲ್ಲಿ ಎಲೆಕ್ಟ್ರಿಕ್ ಗಿಟಾರು ಮಡಿಯುಟ್ಟು ಗರ್ಭಗುಡಿ ಸೇರಿಯಾಗಿತ್ತು. ನಮ್ಮಲ್ಲೂ ಈ ಕಥೆ ಹೊಸದಲ್ಲ. ಕಂಪನಿ ನಾಟಕಗಳ ಉಸಿರಾಗಿದ್ದ ಹಾರ್ಮೋನಿಯಂ ಅನ್ನು ಆಕಾಶವಾಣಿ 1940ರಿಂದ ಮೂರು ದಶಕ ಒಳಗೆ ಬಿಟ್ಟುಕೊಳ್ಳಲಿಲ್ಲ. ಅದರಲ್ಲಿ ಶ್ರುತಿಯ ಸೂಕ್ಷ್ಮ ಹಿಡಿಯಲಾಗದು ಎಂಬ ಆಕ್ಷೇಪಕ್ಕೆ ಅರ್ಥವಿತ್ತು. ಬಹಿಷ್ಕಾರಕ್ಕೆ ಇರಲಿಲ್ಲ.

ಮಡಿ ಎಂಬ ಪದವನ್ನು ನಾನು ಅಲಂಕಾರಕ್ಕೆ ಬಳಸುತ್ತಿಲ್ಲ. ಮಡಿ ಇದ್ದಲ್ಲಿ ಮುಟ್ಟಬಾರದ ಜನರೂ ಇರುತ್ತಾರೆ. ನ್ಯೂ ಆರ್ಡರ್ ತಂಡಕ್ಕೆ ಈ ಲಯ ಎಲ್ಲಿಂದ ಬಂತು? ನ್ಯೂಯಾರ್ಕಿನ ಕ್ಲಬ್ಬುಗಳಿಂದ, ಡೊನ್ನಾ ಸಮ್ಮರ್ ಮತ್ತು ಸಿಲ್ವೆಸ್ಟರ್ ಅವರ ಡಿಸ್ಕೋ ಹಾಡುಗಳಿಂದ. ಕಪ್ಪು ಜನ, ಲ್ಯಾಟಿನೋ ಜನ, ಸಲಿಂಗಿಗಳು ಸೇರಿ ಬೆಳೆಸಿದ ಕುಣಿತದ ಸಂಗೀತ ಅದು. 1979ರ ಜುಲೈ 12ರಂದು ಶಿಕಾಗೋದ ಕೊಮಿಸ್ಕಿ ಪಾರ್ಕ್ ಕ್ರೀಡಾಂಗಣದಲ್ಲಿ ರಾಕ್ ಪ್ರೇಮಿಗಳು ಡಿಸ್ಕೋ ತಟ್ಟೆಗಳನ್ನು ರಾಶಿ ಹಾಕಿ ಸಿಡಿಮದ್ದಿಟ್ಟು ಉಡಾಯಿಸಿದರು. ಗಲಭೆಯೆದ್ದು ಆ ದಿನದ ಎರಡನೆಯ ಬೇಸ್‌ಬಾಲ್ ಪಂದ್ಯವೇ ನಡೆಯಲಿಲ್ಲ. ಅಂದು ಅಲ್ಲಿ ಕೆಲಸಕ್ಕಿದ್ದ, ಮುಂದೆ ಹೌಸ್ ಸಂಗೀತ ಕಟ್ಟಿದವರಲ್ಲಿ ಒಬ್ಬನಾದ ವಿನ್ಸ್ ಲಾರೆನ್ಸ್ ಎಂಬ ಕಪ್ಪು ಯುವಕ ನೆನಪಿಸಿಕೊಂಡಂತೆ, ಜನ ತಂದ ತಟ್ಟೆಗಳಲ್ಲಿ ಡಿಸ್ಕೋ ಅಲ್ಲದ, ಬರೀ ಕಪ್ಪು ಕಲಾವಿದರದ್ದಾದ ತಟ್ಟೆಗಳೂ ಇದ್ದವು. ‘ಆತ್ಮವಿಲ್ಲದ ಸಂಗೀತ’ ಎಂಬ ಮಾತಿನ ಬೆನ್ನಿಗೆ ಈ ಹೊಗೆಯೂ ಇದೆ. ನಾಲ್ಕು ವರ್ಷದ ನಂತರ ಕಾರ್ಖಾನೆ ಊರಿನ ನಾಲ್ವರು ಬಿಳಿಯರು ಆ ಲಯವನ್ನು ತಮ್ಮ ದುಃಖದ ಪಕ್ಕದಲ್ಲಿ ಕೂರಿಸಿದರು. ಎರವಲು ತಂದದ್ದು ಎಂಬುದು ನಿಜ. ಆದರೆ ಬೆಂಕಿ ಇಡುವುದಕ್ಕಿಂತ ಎರವಲು ತರುವುದು, ತಂದದ್ದನ್ನು ಒಪ್ಪಿಕೊಳ್ಳುವುದು ದೊಡ್ಡ ಗುಣ.

ಎದುರಾಳಿಗಳ ಒಂದು ಮಾತನ್ನು ನಾನು ಒಪ್ಪುತ್ತೇನೆ. ಕೈಯಿಂದ ನುಡಿಸಿದ ತಾಳ ಉಸಿರಾಡುತ್ತದೆ. ಹಾಡು ಬಿಸಿಯಾದಂತೆ ತುಸು ಓಡುತ್ತದೆ, ತಣಿದಂತೆ ತಗ್ಗುತ್ತದೆ. ಯಂತ್ರದ ತಾಳಕ್ಕೆ ಆ ಕರುಣೆ ಇಲ್ಲ. ಆದರೆ ಕರುಣೆಯಿಲ್ಲದ್ದನ್ನು ಹೇಳುವುದಕ್ಕೂ ಕಲೆಗೆ ಸಾಧನ ಬೇಕಲ್ಲ! ಸಾವಿನ ನಂತರದ ದಿನಗಳು ನಮಗಾಗಿ ನಿಧಾನಿಸುವುದಿಲ್ಲ.

ಹಾಗೆಂದು ಇನ್ನೊಂದು ತುದಿಯ ಭಕ್ತರೂ ನನಗೆ ಬೇಡ. ಯಾವ ಡ್ರಮ್ ಮೆಷಿನ್, ಯಾವ ಸಿಂಥ್ ಎಂದು ಪಟ್ಟಿ ಹಿಡಿದು ಪೂಜಿಸುವವರು, ಈ ಆಲ್ಬಂ ‘ಕಾಲಕ್ಕಿಂತ ಮುಂದಿತ್ತು’ ಎಂದಷ್ಟೇ ಹೊಗಳುವವರು ಅದೇ ಮಡಿಯನ್ನು ತಿರುಗಿಸಿ ಉಟ್ಟಿದ್ದಾರೆ. ಮುಖಪುಟವನ್ನೇ ನೋಡಿ. ವಿನ್ಯಾಸಕಾರ ಪೀಟರ್ ಸ್ಯಾವಿಲ್ ಅಲ್ಲಿ ಇಟ್ಟದ್ದು ಫ್ರೆಂಚ್ ಚಿತ್ರಕಾರ ಫಾಂತಾಂ-ಲಾತೂರ್ 1890ರಲ್ಲಿ ಬರೆದ ಗುಲಾಬಿ ಬುಟ್ಟಿಯನ್ನು. ಮೂಲೆಯಲ್ಲಿ ಪುಟ್ಟ ಬಣ್ಣದ ಪಟ್ಟಿ, ಯಂತ್ರ ಓದುವ ಸಂಕೇತದಂತೆ. ತಂಡದ ಹೆಸರೂ ಇಲ್ಲ, ಆಲ್ಬಮ್ಮಿನ ಹೆಸರೂ ಇಲ್ಲ. ಹೂವೂ ಇರಲಿ, ಸಂಕೇತವೂ ಇರಲಿ, ಎರಡೂ ನಮ್ಮವೇ ಎಂಬ ಧೈರ್ಯ ಅದರಲ್ಲಿದೆ.

‘ಹಾಗಾದರೆ ಎರಡು ಸಾಲು ಟೈಪ್ ಮಾಡಿ ಕಂಪ್ಯೂಟರಿನಿಂದ ಹಾಡು ಹೊರಡಿಸುವವರನ್ನೂ ಒಪ್ಪುತ್ತೀರಾ?’ ಎಂದು ಯಾರಾದರೂ ಕೇಳಬಹುದು. ಯಂತ್ರ ಇದೆಯೋ ಇಲ್ಲವೋ ಎಂಬುದು ನನ್ನ ಪ್ರಶ್ನೆಯಾಗಿರಲೇ ಇಲ್ಲ. ಈ ಸದ್ದನ್ನು ಆರಿಸಿಕೊಂಡವರು ಯಾರು, ತಪ್ಪಿದರೆ ತಲೆ ತಗ್ಗಿಸಬೇಕಾದವರು ಯಾರು, ಅವರು ಕಳೆದುಕೊಂಡದ್ದೇನು ಎಂದು ನಾನು ಕೇಳುತ್ತೇನೆ. ಗಿಲ್ಬರ್ಟ್ ಬಿಟ್ಟ ಸ್ವರಕ್ಕೆ ಈ ಮೂರೂ ಪ್ರಶ್ನೆಗಳಿಗೆ ಉತ್ತರವಿದೆ. ಇಂದಿನ ಹಾಡಿಗೂ ಉತ್ತರವಿದ್ದರೆ ನನ್ನ ತಕರಾರಿಲ್ಲ. ಇಲ್ಲದಿದ್ದರೆ ಗಿಟಾರು ನುಡಿಸಿ ತಂದರೂ ನನಗೆ ಬೇಡ.

ನಮ್ಮ ಬ್ಯಾಂಡಿನ ಕಥೆ ಮುಗಿಸುತ್ತೇನೆ. ಡ್ರಮ್ಸ್ ಸಿಗದೆ ಆ ವರ್ಷದ ಉತ್ಸವದಲ್ಲಿ ನಾವು ನುಡಿಸಲೇ ಇಲ್ಲ. ಗಣೇಶ ಚೌತಿಯ ಪೆಂಡಾಲಿನಲ್ಲಿ ಆ ಜೂನಿಯರ್ ಹುಡುಗ ಒಂದು ಆರ್ಕೆಸ್ಟ್ರಾದೊಂದಿಗೆ ಕೂತು ಅದೇ ಕೀಬೋರ್ಡು ನುಡಿಸುತ್ತಿದ್ದ. ಬೀದಿಗೆ ಬೀದಿಯೇ ಕುಣಿಯುತ್ತಿತ್ತು. ನಾನು ಹಿಂದೆ, ಕತ್ತಲಲ್ಲಿ, ಕೈಕಟ್ಟಿ ನಿಂತಿದ್ದೆ. ಅವನು ನನ್ನನ್ನು ನೋಡಿ ನಕ್ಕ. ಆ ನಗುವಿನಲ್ಲಿ ವ್ಯಂಗ್ಯವೇನೂ ಇರಲಿಲ್ಲ. ನನ್ನ ಪಾದ ಮಾತ್ರ ನನ್ನ ಅಪ್ಪಣೆ ಕೇಳದೆ ತಾಳ ಹಾಕುತ್ತಿತ್ತು.